ನಾಣ್ಯದ ಮೃಗಕ್ಕೆ ಹೆಸರಿಡುವ ಮುನ್ನ

ಪ್ರಾಚೀನ ಗ್ರೀಸಿನ ಬೆಳ್ಳಿಯ ನಾಣ್ಯವೊಂದರ ಒಳ್ಳೆಯ ಛಾಯಾಚಿತ್ರವನ್ನು ತರಗತಿಯಲ್ಲಿ ಕೈಯಿಂದ ಕೈಗೆ ಸಾಗಿಸಿದರೆ ಮೊದಲು ಏಳುವ ಪ್ರಶ್ನೆ ಒಂದೇ: "ಇದು ಯಾವ ಪ್ರಾಣಿ?" ರೆಕ್ಕೆಯುಳ್ಳ ಕುದುರೆ, ಹದ್ದಿನ ತಲೆಯ ಸಿಂಹ, ಹೆಣ್ಣುಮೊಗದ ಸಿಂಹ, ಮನುಷ್ಯಮುಖದ ಗೂಳಿ, ನಾಲಗೆ ಚಾಚಿ ದಿಟ್ಟಿಸುವ ಗಾರ್ಗನ್‌ನ ಮುಖ, ಹೀಗೆ ಲೋಕದಲ್ಲೆಲ್ಲೂ ಕಾಣದ ಜೀವಿಗಳು ಹೆಬ್ಬೆರಳಿನ ಉಗುರಿನಷ್ಟು ಅಗಲದ ಲೋಹದ ಬಿಲ್ಲೆಯ ಮೇಲೆ ಮೈದಳೆದು ನಿಂತಿರುವಾಗ ಈ ಪ್ರಶ್ನೆ ಏಳುವುದು ಸಹಜವೇ ಆಗಿದೆ. ಉತ್ತರವೂ ತಡವಿಲ್ಲದೆ ಬರುತ್ತದೆ. ಗ್ರೀಕ್ ಕಥೆಗಳ ಪುಸ್ತಕವನ್ನು ಓದಿದ ಚುರುಕು ಹುಡುಗನೊಬ್ಬ "ಪೆಗಸಸ್" ಎನ್ನುತ್ತಾನೆ. ಮತ್ತೊಬ್ಬ "ಮಿನೊಟಾರ್" ಎನ್ನುತ್ತಾನೆ. ಉಪಾಧ್ಯಾಯರು ತಲೆದೂಗುತ್ತಾರೆ, ಚಿತ್ರ ಮುಂದಿನ ಬೆಂಚಿಗೆ ಸಾಗುತ್ತದೆ. ಹೆಸರು ಸಿಕ್ಕಿತು, ಪಾಠ ಮುಗಿಯಿತು.

ವಿದ್ಯೆಗೆ ಅನ್ಯಾಯವಾಗುವುದು ಇಲ್ಲಿಯೇ. ನಾಣ್ಯದ ಮೃಗಕ್ಕೆ ಹೆಸರಿಡುವುದು ಪರೀಕ್ಷೆಯ ಕೊನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ. ಕಥೆಯನ್ನು ಮುಂದಿಟ್ಟುಕೊಂಡು ನಾಣ್ಯವನ್ನು ನೋಡುವವನು ನಾಣ್ಯವನ್ನು ನೋಡುವುದೇ ಇಲ್ಲ. ತನ್ನ ನೆನಪನ್ನು ಮಾತ್ರ ನೋಡುತ್ತಾನೆ. ಮೊದಲು ಊರು, ಅಕ್ಷರ, ತೂಕ, ಇನ್ನೊಂದು ಮುಖ, ಅದು ದೊರೆತ ನೆಲ, ಇವುಗಳನ್ನು ವಿಚಾರಿಸಿ ಕಡೆಯಲ್ಲಿ ಕಥೆಯ ಬಾಗಿಲನ್ನು ತಟ್ಟಬೇಕು. ಅಷ್ಟಾದ ಮೇಲೆಯೂ ಹೆಸರು ದೊರೆಯದಿದ್ದರೆ "ರೆಕ್ಕೆಯ ಕುದುರೆ" ಎಂದಷ್ಟೇ ಬರೆದು ಸುಮ್ಮನಾಗುವ ಧೈರ್ಯವೂ ಬೇಕು. ಈ ಕ್ರಮವನ್ನು ಕಲಿಸಿದರೆ ಒಂದು ಸಣ್ಣ ನಾಣ್ಯವು ದೊಡ್ಡ ಪಠ್ಯಪುಸ್ತಕಕ್ಕಿಂತ ಮಿಗಿಲಾದ ಗುರುವಾಗಬಲ್ಲದು.

ಗ್ರೀಕರ ನಾಣ್ಯವು ಹುಟ್ಟುತ್ತಿದ್ದ ಬಗೆಯನ್ನು ಅರಿತರೆ ಈ ಮಾತಿನ ಸತ್ಯ ತಿಳಿಯುತ್ತದೆ. ಕ್ರಿ.ಪೂ. 6ನೆಯ ಮತ್ತು 5ನೆಯ ಶತಮಾನಗಳ ಗ್ರೀಸ್ ಒಂದೇ ರಾಜ್ಯವಾಗಿರಲಿಲ್ಲ. ಕಪ್ಪು ಸಮುದ್ರದ ದಂಡೆಯಿಂದ ಸಿಸಿಲಿಯವರೆಗೆ ಹರಡಿದ್ದ ನೂರಾರು ನಗರಗಳು ತಮ್ಮ ತಮ್ಮ ನಾಣ್ಯಗಳನ್ನು ತಾವೇ ಟಂಕಿಸುತ್ತಿದ್ದವು. ಕುಶಲಕರ್ಮಿಯು ಗಟ್ಟಿ ಲೋಹದ ಅಚ್ಚಿನಲ್ಲಿ ಚಿತ್ರವನ್ನು ಎಡಬಲ ತಿರುವಿ, ಒಳತಗ್ಗಾಗಿ ಕೊರೆಯುತ್ತಿದ್ದನು. ಅಡಿಗಲ್ಲಿನಲ್ಲಿ ಕೂರಿಸಿದ ಅಚ್ಚಿನ ಮೇಲೆ ತೂಕಮಾಡಿದ ಬೆಳ್ಳಿಯ ಬಿಲ್ಲೆಯನ್ನಿಟ್ಟು, ಅದರ ಮೇಲೆ ಇನ್ನೊಂದು ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆದಾಗ ಎರಡು ಮುಖಗಳೂ ಒಮ್ಮೆಗೇ ಮೂಡುತ್ತಿದ್ದವು. ಸಿರಕ್ಯೂಸ್ ನಗರದ ಕೀಮೋನ್ ಮತ್ತು ಯುಐನೆಟೋಸ್ ಎಂಬ ಅಚ್ಚುಗಾರರು ತಮ್ಮ ಹೆಸರುಗಳನ್ನು ಅಚ್ಚಿನಲ್ಲಿಯೇ ಕೆತ್ತಿದ್ದಾರೆ. ಉಳಿದ ಬಹುಮಂದಿಯ ಕಾಯಕ ಉಳಿದಿದೆ, ಹೆಸರು ಅಳಿದಿದೆ. ಅಚ್ಚಿನ ಚಿತ್ರವನ್ನು ಆರಿಸುತ್ತಿದ್ದುದು ಕಥೆ ಹೇಳುವ ಚಪಲದಿಂದಲ್ಲ. ಅದು ಊರಿನ ಮುದ್ರೆ. ಇಂತಹ ನಗರವು ಈ ಬೆಳ್ಳಿಗೆ ಹೊಣೆ ಎಂಬ ಸಾರ್ವಜನಿಕ ವಾಗ್ದಾನ. ಆದಕಾರಣ ನಾಣ್ಯದ ಮೃಗವನ್ನು ಗುರುತಿಸುವುದೆಂದರೆ ಆ ವಾಗ್ದಾನವನ್ನು ಕೊಟ್ಟ ಊರನ್ನು ಗುರುತಿಸುವುದೆಂದೇ ಅರ್ಥ.

ಮನುಷ್ಯಮುಖದ ಗೂಳಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಸಿಸಿಲಿಯ ಗೆಲಾ ನಗರದ ಬೆಳ್ಳಿನಾಣ್ಯಗಳ ಮೇಲೆ ಗಡ್ಡಧಾರಿಯಾದ ಮನುಷ್ಯಮುಖವುಳ್ಳ ಗೂಳಿಯ ಮುಂಭಾಗವು ಈಜುವ ಭಂಗಿಯಲ್ಲಿ ಕಾಣಿಸುತ್ತದೆ. ಗೂಳಿ ಮತ್ತು ಮನುಷ್ಯ ಎರಡೂ ಒಂದೇ ದೇಹದಲ್ಲಿ ಸೇರಿರುವುದನ್ನು ಕಂಡೊಡನೆ ಕಥೆ ಓದಿದವನ ಬಾಯಿಗೆ ಬರುವ ಹೆಸರು ಕ್ರೀಟ್ ದ್ವೀಪದ ಮಿನೊಟಾರ್. ಹಿಂದಿನ ಶತಮಾನಗಳಲ್ಲಿ ವಿದ್ವಾಂಸರೂ ಈ ತಪ್ಪನ್ನು ಮಾಡಿದ್ದುಂಟು. ಮತ್ತೆ ಕೆಲವರು ಇದನ್ನು ಡಯೊನೈಸಸ್ ದೇವತೆಯ ರೂಪವೆಂದು ಬಗೆದರು. ಆದರೆ ಕ್ರೀಟಿನ ಕ್ನೋಸಸ್ ನಗರದವರು ಕ್ರಿ.ಪೂ. 5ನೆಯ ಶತಮಾನದಲ್ಲಿ ತಮ್ಮ ಊರಿನ ಮಿನೊಟಾರನನ್ನು ತಾವೇ ನಾಣ್ಯದ ಮೇಲೆ ಮೂಡಿಸಿದ್ದಾರೆ. ಅಲ್ಲಿ ದೇಹ ಮನುಷ್ಯನದು, ತಲೆ ಮಾತ್ರ ಗೂಳಿಯದು. ಮಂಡಿ ಬಾಗಿಸಿ ಓಡುವ ಆಕೃತಿ. ಹಿಂಬದಿಯಲ್ಲಿ ಅವನ ಸೆರೆಮನೆಯಾದ ಚಕ್ರವ್ಯೂಹದ ರೇಖಾವಿನ್ಯಾಸ. ಗೆಲಾದ ನಾಣ್ಯದಲ್ಲಿ ಇದು ತಲೆಕೆಳಗಾಗಿದೆ: ದೇಹ ಗೂಳಿಯದು, ಮುಖ ಮನುಷ್ಯನದು. ಮೇಲಾಗಿ ಪಕ್ಕದಲ್ಲಿ "ಗೆಲಾಸ್" ಎಂಬ ಅಕ್ಷರಗಳಿವೆ. ಗೆಲಾಸ್ ಎಂಬುದು ಆ ಊರಿನ ಪಕ್ಕದಲ್ಲಿ ಹರಿಯುವ ನದಿಯ ಹೆಸರು. ಊರಿಗೆ ಹೆಸರು ಬಂದುದೂ ಆ ನದಿಯಿಂದಲೇ. ಗೂಳಿಯಂತೆ ಗುಡುಗುತ್ತ ನುಗ್ಗುವ, ಹೊಲಗಳಿಗೆ ಫಲವತ್ತತೆಯನ್ನು ತರುವ ನದಿಯನ್ನು ಗ್ರೀಕರು ಈ ರೂಪದಲ್ಲಿ ಕಂಡರು. ತಲೆ ಯಾರದು, ದೇಹ ಯಾರದು ಎಂಬ ಒಂದೇ ಪ್ರಶ್ನೆಯನ್ನು ಕೇಳಿದ್ದರೆ ನದಿಯೊಂದು ನರಭಕ್ಷಕ ರಾಕ್ಷಸನಾಗುವ ಅನಾಹುತ ತಪ್ಪುತ್ತಿತ್ತು.

ಹಾಗೆಂದು ಈ ನಿಯಮವನ್ನೂ ಬಾಯಿಪಾಠ ಮಾಡಿ ನಿಶ್ಚಿಂತನಾಗುವಂತಿಲ್ಲ. ಗ್ರೀಸಿನ ಪಶ್ಚಿಮದ ಅಕಾರ್ನೇನಿಯಾ ಪ್ರಾಂತ್ಯದವರು ಅಖೆಲೂಸ್ ನದಿಯನ್ನು ಮನುಷ್ಯಮುಖದ ಗೂಳಿಯಾಗಿಯೇ ಚಿತ್ರಿಸಿದರು. ಅದೇ ಅಖೆಲೂಸನು ದಕ್ಷಿಣ ಇಟಲಿಯ ಮೆಟಪಾಂಟಮ್ ನಗರದ ಒಂದು ನಾಣ್ಯದಲ್ಲಿ ಎರಡು ಕಾಲುಗಳ ಮೇಲೆ ನಿಂತ ಗಡ್ಡದ ಪುರುಷನಾಗಿದ್ದಾನೆ. ಗೂಳಿಯ ಕೊಂಬು ಮತ್ತು ಕಿವಿಗಳು ಮಾತ್ರ ಉಳಿದಿವೆ. ಅಲ್ಲಿ ಅವನನ್ನು ಗುರುತಿಸಿಕೊಡುವುದು ಅಕ್ಷರ: ಅಖೆಲೂಸನ ಹೆಸರಿನಲ್ಲಿ ನಡೆದ ಪಂದ್ಯದ ಬಹುಮಾನವೆಂದು ನಾಣ್ಯವೇ ಹೇಳುತ್ತದೆ. ಸಿಸಿಲಿಯ ಸೆಲಿನಸ್ ನಗರದಲ್ಲಂತೂ ನದಿಯು ಹಣೆಯಲ್ಲಿ ಪುಟ್ಟ ಕೊಂಬು ಮೂಡಿದ ಸುಂದರ ತರುಣನಾಗಿ ವೇದಿಕೆಯ ಮುಂದೆ ತರ್ಪಣ ಬಿಡುತ್ತಾನೆ. ಒಂದೇ ಭಾವನೆಗೆ ಮೂರು ಊರುಗಳಲ್ಲಿ ಮೂರು ರೂಪ. ಕ್ರೀಟಿನ ಫೈಸ್ಟೋಸ್ ನಗರದ ನಾಣ್ಯದಲ್ಲಿ ರೆಕ್ಕೆಗಳುಳ್ಳ ಬೆತ್ತಲೆ ಯುವಕನೊಬ್ಬ ಕಲ್ಲೆಸೆಯುವ ಭಂಗಿಯಲ್ಲಿದ್ದಾನೆ. ರೆಕ್ಕೆಯನ್ನು ಮಾತ್ರ ನೋಡಿದವನು ಅವನನ್ನು ಪ್ರೇಮದೇವತೆಯಾದ ಈರೋಸ್ ಎಂದಾನು. ಪಕ್ಕದ ಅಕ್ಷರಗಳು ಅವನನ್ನು ಟಾಲೋಸ್ ಎಂದು ಸಾರುತ್ತವೆ. ಕ್ರೀಟ್ ದ್ವೀಪವನ್ನು ದಿನಕ್ಕೆ ಮೂರು ಬಾರಿ ಸುತ್ತಿ, ಹತ್ತಿರ ಬಂದ ಹಡಗುಗಳ ಮೇಲೆ ಬಂಡೆಗಳನ್ನೆಸೆದು ಕಾಯುತ್ತಿದ್ದ ಕಂಚಿನ ಕಾವಲುಗಾರನೇ ಆತ. ಅಕ್ಷರವನ್ನು ಓದಲು ಬೇಕಾದ ತಾಳ್ಮೆಗೆ ಇದಕ್ಕಿಂತ ದೊಡ್ಡ ಪ್ರತಿಫಲ ಬೇಕಿಲ್ಲ.

ಇನ್ನು ಎಲ್ಲರೂ ಬಲ್ಲ ರೆಕ್ಕೆಯ ಕುದುರೆ. ಕೊರಿಂತ್ ನಗರವು ಕ್ರಿ.ಪೂ. 6ನೆಯ ಶತಮಾನದಿಂದ ಟಂಕಿಸಿದ ಬೆಳ್ಳಿಯ ಸ್ಟೇಟರ್ ನಾಣ್ಯದ ಮೇಲೆ ಹಾರುವ ಪೆಗಸಸ್ ಇದೆ. ಜನರು ಆ ನಾಣ್ಯವನ್ನು "ಮರಿಗುದುರೆ" ಎಂದೇ ಕರೆಯುತ್ತಿದ್ದರು. ಇಲ್ಲಿ ಪೆಗಸಸ್ ಎಂಬ ಹೆಸರು ನಿಸ್ಸಂದೇಹವಾಗಿ ಸಲ್ಲುತ್ತದೆ. ಕೊರಿಂತಿನ ವೀರನಾದ ಬೆಲ್ಲೆರೊಫೋನನು ಅಥೀನಾ ದೇವಿ ಕೊಟ್ಟ ಕಡಿವಾಣದಿಂದ ಆ ಕುದುರೆಯನ್ನು ಪಳಗಿಸಿದನೆಂದು ಕವಿ ಪಿಂಡಾರನು ಕ್ರಿ.ಪೂ. 464ರ ವಿಜಯಗೀತೆಯೊಂದರಲ್ಲಿ ಹಾಡಿದ್ದಾನೆ. ನಾಣ್ಯದ ಇನ್ನೊಂದು ಮುಖದಲ್ಲಿ ಶಿರಸ್ತ್ರಾಣ ಧರಿಸಿದ ಅಥೀನಾ ಇದ್ದಾಳೆ. ಕುದುರೆಯ ಹೊಟ್ಟೆಯ ಕೆಳಗೆ "ಕೊಪ್ಪ" ಎಂಬ ಅಕ್ಷರವಿದೆ. ಅದು ಊರಿನ ಹೆಸರನ್ನು ಬರೆಯುತ್ತಿದ್ದ ಹಳೆಯ ಮೊದಲಕ್ಷರ. ಹಳಗನ್ನಡದ ಱ ಮತ್ತು ೞ ಅಕ್ಷರಗಳು ನಿತ್ಯದ ಬರವಣಿಗೆಯಿಂದ ಮರೆಯಾಗಿ ಶಾಸನಗಳಲ್ಲಿ ಉಳಿದಂತೆ, ಕೊಪ್ಪವು ಜನರ ಬರವಣಿಗೆಯಿಂದ ಮರೆಯಾದ ಬಳಿಕವೂ ಕೊರಿಂತಿನ ನಾಣ್ಯದಲ್ಲಿ ಉಳಿದುಕೊಂಡಿತು.

ಆದರೆ ಅದೇ ಕುದುರೆ, ಅದೇ ಅಥೀನಾ, ಅದೇ ಸುಮಾರು 8.6 ಗ್ರಾಂ ತೂಕ ಇದ್ದೂ ನಾಣ್ಯವು ಕೊರಿಂತಿನದಾಗದೆ ಇರಬಹುದು. ಕುದುರೆಯ ಕೆಳಗೆ ಲ್ಯಾಂಬ್ಡಾ ಅಕ್ಷರವಿದ್ದರೆ ಅದು ಲ್ಯೂಕಸ್ ನಗರದ್ದು. ಆಲ್ಫಾ ಇದ್ದರೆ ಆಂಬ್ರೇಸಿಯಾದ್ದು. ಇವೆರಡೂ ಕೊರಿಂತಿನಿಂದ ಹೊರಟ ಜನರು ನೆಲೆಗೊಳಿಸಿದ ಊರುಗಳು. ಸಿರಕ್ಯೂಸ್ ಕೂಡ ಕೊರಿಂತಿನ ಸಂತತಿಯೇ. ಕ್ರಿ.ಪೂ. 344ರಲ್ಲಿ ಆ ನಗರವು ಸಂಕಟದಲ್ಲಿದ್ದಾಗ ತಾಯಿನಗರವಾದ ಕೊರಿಂತ್ ಟಿಮೋಲಿಯನ್ ಎಂಬ ಸೇನಾನಿಯನ್ನು ಕಳುಹಿಸಿತು. ಆ ಕಾಲದಲ್ಲಿ ಸಿರಕ್ಯೂಸ್ ತನ್ನ ಹೆಸರನ್ನು ಬರೆದು ಪೆಗಸಸ್ ನಾಣ್ಯಗಳನ್ನು ಟಂಕಿಸಿತು. ಇಲ್ಲಿ ಮೃಗದ ಹೆಸರನ್ನಷ್ಟೇ ಹೇಳಿ ಮುಂದೆ ಸಾಗಿದವನು ಕಳೆದುಕೊಳ್ಳುವುದು ತಾಯಿ ಮಕ್ಕಳಂತಹ ನಗರಗಳ ಬಾಂಧವ್ಯದ ಇಡೀ ಚರಿತ್ರೆಯನ್ನು. ಇದಕ್ಕೆ ಪ್ರತಿಯಾಗಿ, ಏಷ್ಯಾ ಮೈನರಿನ ಲ್ಯಾಂಪ್ಸಕಸ್ ನಗರದ ನಾಣ್ಯದಲ್ಲಿಯೂ ರೆಕ್ಕೆಯ ಕುದುರೆಯ ಮುಂಭಾಗವಿದೆ. ಆ ಊರು ಕೊರಿಂತಿನ ಸಂತತಿಯಲ್ಲ. ಅಲ್ಲಿ ಬೆಲ್ಲೆರೊಫೋನನೂ ಇಲ್ಲ, ಕೊಪ್ಪವೂ ಇಲ್ಲ. ಅದನ್ನು ರೂಢಿಯಿಂದ ಪೆಗಸಸ್ ಎನ್ನುವವರು ಇದ್ದಾರೆ. "ರೆಕ್ಕೆಯ ಕುದುರೆಯ ಮುಂಭಾಗ" ಎಂದು ಬರೆದು ನಿಲ್ಲುವ ಪಟ್ಟಿಕಾರನೇ ಹೆಚ್ಚು ಪ್ರಾಮಾಣಿಕನು.

ಹದ್ದಿನ ತಲೆ, ಸಿಂಹದ ದೇಹ, ರೆಕ್ಕೆಗಳುಳ್ಳ ಗ್ರಿಫಿನ್ ಹೇಳುವ ಕಥೆ ಇನ್ನೂ ಹೃದಯಸ್ಪರ್ಶಿಯಾದುದು. ಏಷ್ಯಾ ಮೈನರಿನ ಟಿಯೋಸ್ ನಗರದ ನಾಣ್ಯದಲ್ಲಿ ಗ್ರಿಫಿನ್ ಬಲಕ್ಕೆ ಮುಖಮಾಡಿ ಕುಳಿತಿದೆ. ಈಜಿಯನ್ ಸಮುದ್ರದ ಆಚೆ, ಥ್ರೇಸಿನ ಅಬ್ದೇರಾ ನಗರದ ನಾಣ್ಯದಲ್ಲಿ ಅದೇ ಗ್ರಿಫಿನ್ ಎಡಕ್ಕೆ ಮುಖಮಾಡಿದೆ. ಇದಕ್ಕೆ ಕಾರಣವನ್ನು ಪುರಾಣದಲ್ಲಿ ಹುಡುಕಿದರೆ ಸಿಗದು, ಚರಿತ್ರೆಯಲ್ಲಿ ಹುಡುಕಬೇಕು. ಸುಮಾರು ಕ್ರಿ.ಪೂ. 545ರಲ್ಲಿ ಪರ್ಷಿಯದ ಸೇನಾಪತಿ ಹಾರ್ಪಗಸನು ಟಿಯೋಸಿನ ಕೋಟೆಯನ್ನು ಹಿಡಿದಾಗ ಅಲ್ಲಿನ ಜನ ದಾಸ್ಯವನ್ನು ಒಪ್ಪದೆ ಹಡಗುಗಳನ್ನೇರಿ ಥ್ರೇಸಿಗೆ ಹೋಗಿ ಅಬ್ದೇರಾದಲ್ಲಿ ನೆಲೆಸಿದರೆಂದು ಹೆರೊಡೋಟಸನು ಬರೆದಿದ್ದಾನೆ. ಮನೆಮಠಗಳನ್ನು ಬಿಟ್ಟು ಹೊರಟ ಆ ಜನ ತಮ್ಮ ಊರಿನ ಮುದ್ರೆಯನ್ನು ಮಾತ್ರ ಬಿಡಲಿಲ್ಲ. ಕಪ್ಪು ಸಮುದ್ರದ ಉತ್ತರತೀರದ ಪ್ಯಾಂಟಿಕಪಿಯಮ್ ನಗರದ ಚಿನ್ನದ ನಾಣ್ಯದಲ್ಲಿ ಬಾಯಲ್ಲಿ ಭರ್ಜಿ ಕಚ್ಚಿಕೊಂಡು ಧಾನ್ಯದ ತೆನೆಯ ಮೇಲೆ ನಿಂತ ಕೊಂಬಿನ ಗ್ರಿಫಿನ್ ಇದೆ. ಆ ಊರು ಗ್ರೀಸಿಗೆ ಗೋಧಿಯನ್ನು ಕಳುಹಿಸುತ್ತಿದ್ದ ಸೀಮೆಯದು; ಗ್ರಿಫಿನ್‌ಗಳು ಬಂಗಾರವನ್ನು ಕಾಯುವ ದೂರದ ಉತ್ತರದೇಶದ ಕಥೆಯು ಗ್ರೀಕರಲ್ಲಿ ಪ್ರಚಲಿತವಾಗಿತ್ತು. "ಗ್ರಿಫಿನ್" ಎಂಬ ಒಂದೇ ಪದವು ಈ ಮೂರು ನಾಣ್ಯಗಳಿಗೂ ಸಲ್ಲುತ್ತದೆ. ಆದರೆ ಮೂರರ ಅರ್ಥ ಮೂರು ಬೇರೆ.

ಕಥೆ ನಡೆದ ಊರು ಒಂದು, ಮೃಗವನ್ನು ಮುದ್ರಿಸಿದ ಊರು ಇನ್ನೊಂದು ಆಗಿರುವುದೂ ಉಂಟು. ಈಡಿಪಸನಿಗೆ ಒಗಟು ಹಾಕಿದ ಸ್ಫಿಂಕ್ಸ್ ಥೀಬ್ಸ್ ನಗರದ್ದೆಂಬುದು ಲೋಕಪ್ರಸಿದ್ಧ. ಆದರೆ ಥೀಬ್ಸಿನ ನಾಣ್ಯಗಳ ಮುಖ್ಯ ಲಾಂಛನ ಗುರಾಣಿ. ಸ್ಫಿಂಕ್ಸನ್ನು ತನ್ನ ಮುದ್ರೆಯಾಗಿ ಮಾಡಿಕೊಂಡುದು ಖಿಯೋಸ್ ದ್ವೀಪ. ಅಲ್ಲಿ ಹೆಣ್ಣುಮೊಗದ, ಬಾಗಿದ ರೆಕ್ಕೆಯ ಸ್ಫಿಂಕ್ಸ್ ಮದ್ಯದ ಜಾಡಿಯ ಮುಂದೆ ಕುಳಿತಿದೆ. ಜಾಡಿಯ ಮೇಲೆ ದ್ರಾಕ್ಷಿಯ ಗೊಂಚಲು. ಖಿಯೋಸಿನ ದ್ರಾಕ್ಷಾಮದ್ಯಕ್ಕೆ ಗ್ರೀಕ್ ಪ್ರಪಂಚದಲ್ಲೆಲ್ಲ ಬೇಡಿಕೆಯಿತ್ತು. ಮೃಗವನ್ನು ಮಾತ್ರ ನೋಡಿದವನಿಗೆ ಒಗಟು ನೆನಪಾಗುತ್ತದೆ. ಜಾಡಿಯನ್ನೂ ನೋಡಿದವನಿಗೆ ಬಂದರು, ಹಡಗು, ವ್ಯಾಪಾರಗಳೆಲ್ಲ ಕಾಣುತ್ತವೆ. ಹಾಗೆಯೇ ಸಿಂಹದ ದೇಹ, ಬೆನ್ನಿನಿಂದೆದ್ದ ಮೇಕೆಯ ತಲೆ, ಹಾವಿನ ಬಾಲವುಳ್ಳ ಕೈಮೆರಾ ಏಷ್ಯಾ ಮೈನರಿನ ಲಿಸಿಯಾ ಸೀಮೆಯ ಪಿಡುಗೆಂಬುದು ಕಥೆ. ಆದರೆ ಅದನ್ನು ನಾಣ್ಯದ ಮೇಲೆ ಮೆರೆಸಿದುದು ಕೊರಿಂತಿನ ನೆರೆಯ ಸಿಕಿಯೋನ್ ನಗರ. ಹಿಂಬದಿಯಲ್ಲಿ ಹಾರುವ ಪಾರಿವಾಳ. ಮರ್ಮರಾ ಸಮುದ್ರತೀರದ ಕಿಜಿಕಸ್ ನಗರದವರದು ಮತ್ತೊಂದು ಬಗೆ. ಅವರು ಚಿನ್ನಬೆಳ್ಳಿಗಳ ಮಿಶ್ರಲೋಹದ ನಾಣ್ಯದಲ್ಲಿ ಒಮ್ಮೆ ಗ್ರಿಫಿನ್, ಒಮ್ಮೆ ಸ್ಫಿಂಕ್ಸ್, ಒಮ್ಮೆ ದೇವತೆ ಎಂದು ಚಿತ್ರಗಳನ್ನು ಬದಲಿಸುತ್ತಲೇ ಹೋದರು. ಬದಲಾಗದೆ ಉಳಿದುದು ಚಿತ್ರದ ಅಡಿಯಲ್ಲೋ ಬದಿಯಲ್ಲೋ ಇರುವ ಒಂದು ಸಣ್ಣ ಟ್ಯೂನಾ ಮೀನು. ಊರಿನ ನಿಜವಾದ ಮುದ್ರೆ ಆ ಮೀನು. ಮೃಗವು ಬಂದು ಹೋಗುವ ಅತಿಥಿ. ದೊಡ್ಡದನ್ನು ಕಂಡು ಚಿಕ್ಕದನ್ನು ಮರೆತವನಿಗೆ ಕಿಜಿಕಸ್ ಎಂದಿಗೂ ಸಿಕ್ಕದು.

ಲೋಹಕ್ಕೂ ತನ್ನದೇ ಆದ ತೊಡಕುಗಳಿವೆ. ಸುತ್ತಿಗೆಯ ಏಟು ಓರೆಯಾಗಿ ಬಿದ್ದರೆ ಮೃಗದ ತಲೆಯೋ ಬಾಲವೋ ಬಿಲ್ಲೆಯ ಹೊರಗೆ ಉಳಿದುಹೋಗುತ್ತದೆ. ಕೈಯಿಂದ ಕೈಗೆ ಸಾಗಿ ಸವೆದಾಗ ಮೊದಲು ಅಳಿಯುವುದು ಉಬ್ಬಿದ ಭಾಗ. ಕ್ಲಜೋಮೆನೈ ನಗರದ ರೆಕ್ಕೆಯ ಹಂದಿಯು ರೆಕ್ಕೆ ಸವೆದಾಗ ಬರಿಯ ಕಾಡುಹಂದಿಯಾಗಿ ತೋರುತ್ತದೆ. ಆ ಸೀಮೆಯನ್ನು ರೆಕ್ಕೆಯುಳ್ಳ ಹೆಣ್ಣುಹಂದಿಯೊಂದು ಕಾಡಿತೆಂಬ ಕಥೆಯನ್ನು ಈಲಿಯನ್ ಎಂಬ ಲೇಖಕ ದಾಖಲಿಸಿದ್ದಾನೆ. ಆದರೆ ರೆಕ್ಕೆಯ ಹಂದಿ ಕಂಡಲ್ಲೆಲ್ಲ ಕ್ಲಜೋಮೆನೈ ಎನ್ನುವಂತಿಲ್ಲ; ರೋಡ್ಸ್ ದ್ವೀಪದ ಇಯಲೈಸಸ್ ನಗರವೂ ಅದನ್ನೇ ಮುದ್ರಿಸಿತು. ನಾಣ್ಯವನ್ನು ತಿರುಗಿಸಿ ಹಿಂಬದಿಯಲ್ಲಿ ಹದ್ದಿನ ತಲೆಯನ್ನು ಕಂಡಾಗ ಮಾತ್ರ ಇಯಲೈಸಸ್ ಎನ್ನಬಹುದು. ತಿರುಗಿಸಿ ನೋಡುವುದು ಎಷ್ಟು ಸರಳ, ಅದನ್ನು ಮರೆಯುವುದು ಎಷ್ಟು ಸುಲಭ!

ಇಷ್ಟೆಲ್ಲ ಕಟ್ಟುಪಾಡುಗಳಿಂದ ಎಳೆಯರ ಕುತೂಹಲ ಕುಂದುವುದಿಲ್ಲವೇ, ರೆಕ್ಕೆಯ ಕುದುರೆಯ ಕಥೆಯನ್ನು ಕೇಳಿ ಕಣ್ಣರಳಿಸುವ ಮಗುವಿನ ಮುಂದೆ ತೂಕ, ಅಕ್ಷರ, ಪಟ್ಟಿಗಳನ್ನು ಹರಡುವುದು ಒಣಪಾಂಡಿತ್ಯವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ತಥ್ಯಾಂಶವಿದೆ. ಕಥೆಯಿಲ್ಲದೆ ನಾಣ್ಯವು ತಣ್ಣನೆಯ ಲೋಹ. ಆದರೆ ಮೇಲಿನ ಉದಾಹರಣೆಗಳಲ್ಲಿ ಕಥೆ ಎಲ್ಲಿಯೂ ನಾಶವಾಗಲಿಲ್ಲ; ಒಂದರ ಬದಲು ಎರಡಾಯಿತು. ಗ್ರಿಫಿನ್‌ನ ಕಥೆಯ ಜೊತೆಗೆ ಸಮುದ್ರ ದಾಟಿದ ನಿರಾಶ್ರಿತರ ಕಥೆ ದೊರೆಯಿತು. ಪೆಗಸಸ್ಸಿನ ಕಥೆಯ ಜೊತೆಗೆ ತಾಯಿನಗರ ಕಳುಹಿಸಿದ ನೆರವಿನ ಕಥೆ ದೊರೆಯಿತು. ಕಸಿದುಕೊಂಡುದು ಏನಾದರೂ ಇದ್ದರೆ ಅದು ಅವಸರದ ಉತ್ತರದ ಸುಖವನ್ನು ಮಾತ್ರ. ಆ ಸುಖವೇ ವಿದ್ಯೆಯ ಶತ್ರು. ಪ್ರಶ್ನೆ ಕೇಳಿದೊಡನೆ ಕೈಯೆತ್ತಿದವನನ್ನು ಹೊಗಳುವ ಶಾಲೆಯು, ಮೂರು ಬಾರಿ ತಿರುಗಿಸಿ ನೋಡಿ "ಇದು ನನಗೆ ಇನ್ನೂ ಸ್ಪಷ್ಟವಾಗಿಲ್ಲ" ಎನ್ನುವ ಹುಡುಗಿಯನ್ನೂ ಹೊಗಳಲು ಕಲಿಯಬೇಕು.

ನಾಣ್ಯದ ಸಾಕ್ಷ್ಯಗಳಲ್ಲಿ ಮುಖ್ಯವಾದ ಇನ್ನೊಂದು ಅದು ದೊರೆತ ನೆಲ. ಇದನ್ನು ಕಾಪಾಡುವುದು ವಿದ್ವಾಂಸರ ಕೈಯಲ್ಲಿ ಮಾತ್ರ ಇಲ್ಲ. ಕೊಳ್ಳುವವರ ಕೈಯಲ್ಲಿಯೂ ಇದೆ. 1984ರಲ್ಲಿ ತುರ್ಕಿಯ ಎಲ್ಮಾಲಿ ಎಂಬಲ್ಲಿ ಸುಮಾರು 1,900 ಬೆಳ್ಳಿನಾಣ್ಯಗಳ ನಿಧಿಯೊಂದು ಕಳ್ಳಅಗೆತದಲ್ಲಿ ಹೊರಬಂದಿತು. ಅದರಲ್ಲಿ ಅಥೆನ್ಸಿನ ಅಪರೂಪದ ಹತ್ತು ದ್ರಾಕ್ಮಾ ಬೆಲೆಯ ನಾಣ್ಯಗಳೂ ಲಿಸಿಯಾ ಸೀಮೆಯ ಬಹುಸಂಖ್ಯೆಯ ನಾಣ್ಯಗಳೂ ಇದ್ದವು. ನಿಧಿಯು ದೇಶದಿಂದ ಹೊರಕ್ಕೆ ಸಾಗಿ ಮಾರುಕಟ್ಟೆಗೆ ಬಂದಿತು. ದೀರ್ಘ ವ್ಯಾಜ್ಯದ ಬಳಿಕ 1999ರಲ್ಲಿ ಅದರ ಬಹುಭಾಗ ತುರ್ಕಿಗೆ ಮರಳಿತು. ಮರಳಿದುದು ಬೆಳ್ಳಿ. ಪುರಾತತ್ತ್ವಜ್ಞರ ಕಣ್ಣಮುಂದೆ, ಮಣ್ಣಿನ ಪದರಪದರವನ್ನು ಬಿಡಿಸಿ ತೆಗೆದಾಗ ಮಾತ್ರ ದೊರೆಯುವ ಅರಿವು ಮರಳುವುದಿಲ್ಲ. ಇಂತಹ ಅಕ್ರಮ ವ್ಯಾಪಾರವನ್ನು ತಡೆಯಲೆಂದೇ 1970ರಲ್ಲಿ ಯುನೆಸ್ಕೊ ಒಂದು ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಅಂಗೀಕರಿಸಿತು. ಮೂಲ ತಿಳಿಯದ ಪ್ರಾಚೀನ ನಾಣ್ಯವನ್ನು ಹಣಕೊಟ್ಟು ಕೊಳ್ಳುವವನು, ಎಷ್ಟೇ ಸದುದ್ದೇಶದಿಂದ ಕೊಂಡರೂ, ಮುಂದಿನ ಕಳ್ಳಅಗೆತಕ್ಕೆ ಮುಂಗಡ ಕೊಟ್ಟಂತೆಯೇ ಸರಿ.

ಆದ್ದರಿಂದ ವಿದ್ಯಾಸಂಸ್ಥೆಗಳ ವಸ್ತುಸಂಗ್ರಹಕ್ಕೆ ಉದಾರವಾಗಿ ನೆರವಾಗುವ ದಾನಿಗಳಲ್ಲಿ ಒಂದು ವಿಜ್ಞಾಪನೆ ಅನುಚಿತವಾಗದು. ಶಾಲೆಗೆ ಬೇಕಾದುದು ಪೇಟೆಯಲ್ಲಿ ಕೊಂಡ ಅಸಲು ನಾಣ್ಯವಲ್ಲ. ಪ್ರಸಿದ್ಧ ವಸ್ತುಸಂಗ್ರಹಾಲಯಗಳ ನಾಣ್ಯಗಳ ದೊಡ್ಡ ಛಾಯಾಚಿತ್ರಗಳು, ಎರಡೂ ಮುಖಗಳ ಸುಣ್ಣದ ಅಚ್ಚುಪ್ರತಿಗಳು, ಒಂದು ಒಳ್ಳೆಯ ಭೂತಗನ್ನಡಿ, ಒಂದು ಭೂಪಟ. ಇದರಲ್ಲಿ ಕೀಳರಿಮೆ ಪಡುವಂತಹುದು ಏನೂ ಇಲ್ಲ. ಸ್ವಿಟ್ಜರ್‌ಲೆಂಡಿನ ಮಹಾವಿದ್ವಾಂಸ ಇಮ್‌ಹೂಫ್-ಬ್ಲೂಮರ್ ಅಚ್ಚುಪ್ರತಿಗಳ ವಿಶಾಲ ಸಂಗ್ರಹವನ್ನು ಕಟ್ಟಿಕೊಂಡೇ ದುಡಿದವನು. ಒಟೊ ಕೆಲ್ಲರನೊಡನೆ ಸೇರಿ 1889ರಲ್ಲಿ ಪ್ರಾಚೀನ ನಾಣ್ಯಗಳ ಮತ್ತು ಮುದ್ರಾರತ್ನಗಳ ಮೇಲಿನ ಪ್ರಾಣಿಸಸ್ಯಗಳ ಚಿತ್ರಗಳನ್ನು ಕುರಿತು ಗ್ರಂಥವನ್ನು ಹೊರತಂದನು. ದೊಡ್ಡ ಪಂಡಿತರಿಗೆ ಸಾಕಾದ ಸಾಧನ ಶಾಲೆಯ ಮಕ್ಕಳಿಗೆ ಸಾಲದೆ ಹೋಗದು. ಒಂದು ನಾಣ್ಯಕ್ಕೆ ಕೊಡುವ ಹಣದಲ್ಲಿ ನೂರು ಅಚ್ಚುಪ್ರತಿಗಳು ನೂರು ಮಕ್ಕಳ ಕೈಗೆ ಬಂದಾವು.

ಉಪಾಧ್ಯಾಯರು ಮಾಡಬೇಕಾದುದು ಇನ್ನೂ ಸುಲಭ. ಅಚ್ಚುಪ್ರತಿಯನ್ನು ಹುಡುಗರ ಕೈಗಿತ್ತು, "ಇದರ ಹೆಸರೇನು?" ಎಂದು ಕೇಳುವುದನ್ನು ಬಿಟ್ಟು, "ಏನೇನು ಕಾಣುತ್ತದೆ?" ಎಂದು ಕೇಳಿದರೆ ಸಾಕು. ತಲೆ ಯಾರದು, ದೇಹ ಯಾರದು, ಮುಖ ಯಾವ ಕಡೆಗಿದೆ, ಅಕ್ಷರ ಎಷ್ಟಿವೆ, ಹಿಂಬದಿಯಲ್ಲಿ ಏನಿದೆ, ಮೂಲೆಯಲ್ಲಿ ಮರೆಯಾಗಿರುವ ಮೀನು ಯಾರಿಗಾದರೂ ಕಂಡಿತೇ? ಕಂಡುದನ್ನು ಮೊದಲು ಬರೆಯಲಿ. ಬಳಿಕ ಭೂಪಟದಲ್ಲಿ ಊರನ್ನು ಹುಡುಕಲಿ. ಕಡೆಗೆ ಕಥೆಯನ್ನು ಓದಲಿ. ಕಂಡುದನ್ನು ಕಂಡಷ್ಟೇ ಹೇಳುವ ಈ ಶಿಸ್ತು ನಾಣ್ಯಕ್ಕೆ ಮಾತ್ರ ಸೀಮಿತವಾದುದಲ್ಲ. ನೆರೆಯವನ ನಡತೆಗೆ, ಪತ್ರಿಕೆಯ ಸುದ್ದಿಗೆ, ಅಪರಿಚಿತನ ವೇಷಕ್ಕೆ ಅವಸರದಲ್ಲಿ ಹೆಸರಿಡುವ ಚಾಳಿ ಸಮಾಜವನ್ನು ಎಷ್ಟು ಕಾಡುತ್ತಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನದಿಯನ್ನು ರಾಕ್ಷಸನೆಂದು ಕರೆದ ತಪ್ಪು ನಾಣ್ಯದ ಮೇಲೆ ನಡೆದರೆ ಪುಸ್ತಕದಲ್ಲಿ ತಿದ್ದಬಹುದು. ಬಾಳಿನಲ್ಲಿ ನಡೆದರೆ ತಿದ್ದುವುದು ಕಷ್ಟ. ಎರಡೂವರೆ ಸಾವಿರ ವರ್ಷಗಳ ಹಿಂದೆ ಹೆಸರಿಲ್ಲದ ಕುಶಲಕರ್ಮಿಯೊಬ್ಬ ಕಣ್ಣಿಗೆ ಕಣ್ಣಿಟ್ಟು ಕೊರೆದುದನ್ನು, ಅಷ್ಟೇ ಶ್ರದ್ಧೆಯಿಂದ ಕಣ್ಣಿಟ್ಟು ನೋಡುವ ವಿದ್ಯಾರ್ಥಿಗಳು ಶಾಲೆಗಳಿಂದ ಹೊರಬರಲೆಂಬುದೇ ವಿದ್ಯಾಭಿಮಾನಿಗಳೆಲ್ಲರ ಹಾರೈಕೆಯಾಗಿರಬೇಕು.